ಹಾಗಲ್ಲ, ಯಾವಾಗಲೂ ಏಳುವ ಹಾಗೆ

ಪರದೆ ಹೋಗುವುದೆಂದರೆ ಕರೆಂಟು ಹೋದ ಹಾಗಲ್ಲ.
ಸಿಪಿಯು ತನ್ನಷ್ಟಕ್ಕೆ ಗುರುಗುಡುತ್ತಿರುತ್ತದೆ,
ಕೀಬೋರ್ಡಿನ ಹಸಿರು ದೀಪ ಹಾಗೇ ಉಂಟು,
ಒಳಗೆಲ್ಲೋ ನನ್ನ ಅರ್ಧ ಬಿಲ್ಲೂ ಉಂಟು,
'ಜಲದುರ್ಗೆ' ಬೋಟಿಗೆ ನಲವತ್ತೆರಡು ಬ್ಲಾಕು ಐಸು.
ಕಾಣುವುದಿಲ್ಲ, ಅಷ್ಟೆ.

'ನೋ ಸಿಗ್ನಲ್' ಎಂಬ ಪುಟ್ಟ ಪೆಟ್ಟಿಗೆ ಮಾತ್ರ
ಮೂಲೆಯಿಂದ ಮೂಲೆಗೆ ಅಲೆಯುತ್ತದೆ,
ದಕ್ಕೆಯ ಎಣ್ಣೆನೀರಿನಲ್ಲಿ ಥರ್ಮಾಕೋಲು ತೇಲಿದ ಹಾಗೆ,
ಗೋಡೆ ತಾಗಿದರೆ ಮತ್ತೆ ಹಿಂದಕ್ಕೆ.
ಕಿಟಕಿಯಲ್ಲಿ ತಾಂಡೇಲನ ತಲೆ:
"ವಾರಿಜಕ್ಕ, ಬಿಲ್ಲು! ನೀರು ಇಳೀತಾ ಉಂಟು ಮಾರಾಯ್ತಿ."

ಹಂಪನಕಟ್ಟೆಯಿಂದ ನಿಝಾಮ್ ಬಂದ.
ಅವನೆದುರು ಪರದೆ ಎಷ್ಟು ಸಾಧು!
ನೆಂಟರ ಮುಂದೆ ಹಠ ಮರೆತ ಮಗು.
ನನ್ನ ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಕಾದ,
ನಾನು ಗೋಡೆಗೊರಗಿ ನಿಂತೆ
ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ.
"ಉಪ್ಪುಗಾಳಿ ಅಕ್ಕ," ಎಂದು ರ‍್ಯಾಮ್ ಕಿತ್ತ,
ನನ್ನ ಡ್ರಾಯರಿನ ರಬ್ಬರಿನಿಂದ
ಅದರ ಹೊಂಬಣ್ಣದ ಹಲ್ಲು ಉಜ್ಜಿದ,
ಪುಡಿ ಊದಿ ಕೂರಿಸಿದ. ಟಿಕ್ಕೆಂದಿತು.
ಮುನ್ನೂರು ರೂಪಾಯಿ.
ಅವನ ಸ್ಕೂಟರು ಗೇಟು ದಾಟಿರಲಿಲ್ಲ.

ಎರಡನೇ ಸಲ ಕೇಬಲ್ಲು, ಪ್ಲಗ್ಗಿನ ಪಟ್ಟಿ,
ಎದುರಿನ ಬಲೆ ಅಂಗಡಿಯಿಂದ ಸಾಲ ತಂದ ಮಾನಿಟರು.
ಅದೂ ಊಟದೊಳಗೆ ಕಣ್ಣು ಮುಚ್ಚಿತು.
ಧಣಿ ಹೇಳಿದರು, ನಿಂಬೆಹಣ್ಣು ಕಟ್ಟು. ಕಟ್ಟಿದೆ.
ಐಸಿನ ಕ್ರಷರು ಸುರುವಾದಾಗ ಹೋಗುವುದೇನೋ ಎಂದು
ಹಳೆ ಬಿಲ್ಲಿನ ಬೆನ್ನಲ್ಲಿ ಹೊತ್ತು ಬರೆದಿಟ್ಟೆ:
೯-೧೦. ೯-೪೦. ೧೧-೦೫. ೧೧-೦೭.
ಕ್ರಷರು ಆ ದಿನ ಮಧ್ಯಾಹ್ನದವರೆಗೆ ಕೆಟ್ಟೇ ಇತ್ತು.

ಮೂರನೇ ಸಲ ನಿಝಾಮ್ ಮೇಜಿನ ಪಕ್ಕ
ಮೊಣಕಾಲೂರಿ ಚಾ ಆರಿಸುತ್ತಿದ್ದ.
ಒಳಗಿನಿಂದ ಬೆಲ್ಲು. ನಾನು ಎದ್ದೆ.
"ಅಕ್ಕ, ನಿಲ್ಲಿ."
ನಿಂತೆ.
"ಕೂತ್ಕೊಳ್ಳಿ. ಈಗ ಏಳಿ.
ಹಾಗಲ್ಲ, ಮೆಲ್ಲ ಅಲ್ಲ.
ಯಾವಾಗಲೂ ಏಳುವ ಹಾಗೆ."
ಹನ್ನೊಂದು ಸಲ ಎದ್ದೆ. ಎಂಟು ಸಲ ಕಪ್ಪು.
ಬೆಲ್ಲು ಹೊಡೆದುಕೊಳ್ಳುತ್ತಲೇ ಇತ್ತು.

ತಿರುಗುಕುರ್ಚಿಯ ಹೊಟ್ಟೆಯಲ್ಲಿ ಗ್ಯಾಸಿನ ಕಂಬ ಉಂಟಂತೆ.
ಎ.ಸಿ.ಯ ಒಣ ಚಳಿ, ನನ್ನ ನೈಲೆಕ್ಸ್ ಸೀರೆ,
ಭಾರ ಇಳಿದ ಗಳಿಗೆ ಕಣ್ಣಿಗೆ ಕಾಣದ ಕಿಡಿಯೊಂದು ಹಾರಿ
ಬಡಕಲು ಕೇಬಲ್ಲು ಬೆಚ್ಚಿ ಕೈಬಿಡುವುದಂತೆ.
ಧಣಿ ಹೊಟ್ಟೆ ಹಿಡಿದು ನಕ್ಕರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಮನೆಗೆ ಹೋಗುವ ಮುಂಚೆ ಆ ಚೀಟಿ ತೆಗೆದೆ.
೯-೧೦: ಧಣಿ ಕರೆದದ್ದು.
೯-೪೦: ಫ್ಯಾನು ಹಾಕಲು.
೧೧-೦೫: ಚಾ.
೧೧-೦೭: ಸಕ್ಕರೆ ಕಮ್ಮಿಯಾಯಿತಂತೆ.

ಈಗ ನನಗೆ ಮರದ ಕುರ್ಚಿ,
ಒಂದು ಕಾಲಿನಡಿ ರಟ್ಟು ಮಡಚಿ ಇಟ್ಟದ್ದು.
ಗ್ಯಾಸಿನದು ಧಣಿಯ ಕೋಣೆ ಸೇರಿತು.
ಅಲ್ಲಿ ಕಂಪ್ಯೂಟರಿಲ್ಲ, ಅವರು ಏಳುವುದೂ ಕಮ್ಮಿ.

ಎರಡು ತಿಂಗಳಾಯಿತು, ಪರದೆ ಒಮ್ಮೆಯೂ ಹೋಗಲಿಲ್ಲ.
ಬೆಂಗ್ರೆಯ ಕೊನೆಯ ದೋಣಿ ಹೊರಡುವ ಹೊತ್ತಿಗೆ
ಚೀಲ ಹೆಗಲಿಗೇರಿಸಿ ಎದ್ದು
ಬಾಗಿಲಲ್ಲಿ ಒಮ್ಮೆ ತಿರುಗಿ ನೋಡುತ್ತೇನೆ.
ಇಪ್ಪತ್ತಾರು ವರ್ಷ ಬೆಲ್ಲಿಗೆ ಎದ್ದಿದ್ದೇನೆ,
ಎದ್ದೆನೆಂದು ಬೆಚ್ಚಿದ್ದು ಅದೊಂದೇ.
ಈಗ ಅದಕ್ಕೂ ರೂಢಿಯಾಗಿದೆ. ಬಿಲ್ಲು ಬೆಳ್ಳಗೆ ಹಾಗೇ,
ಕರ್ಸರು ಮಿಣುಕುತ್ತಿರುತ್ತದೆ.

ನಿಂಬೆಹಣ್ಣು ಒಣಗಿ ನೆಲ್ಲಿಕಾಯಿಯಷ್ಟಾಗಿದೆ.
ಬಿಚ್ಚಲಿಲ್ಲ.